ಗ್ಯಾಸ್‌ಲೈಟ್ ದೊರೆಸ್ವಾಮಿಯ ಬೂದಿ ಡಬ್ಬಿ

ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ಊಟಿ ರಸ್ತೆಗೆ ಬೆನ್ನು ಹಾಕಿಕೊಂಡಂತೆ ಒಂದು ಹಲಗೆ ಬಾಗಿಲಿನ ಅಂಗಡಿ ಇದೆ. ಒಳಗೆ ಅಡ್ಡ ಕಟ್ಟಿದ ಬಿದಿರಿಗೆ ಸೀಮೆಎಣ್ಣೆ ತುಂಬಿ ಪಂಪು ಹೊಡೆಯುವ ಎಂಟು ಗ್ಯಾಸ್‌ಲೈಟುಗಳು ತೂಗುತ್ತಿರುತ್ತವೆ. ಅವುಗಳ ಕೆಳಗೆ ಸ್ಟೂಲಿನ ಮೇಲೆ ಕೂತು, ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿರುವವರು ದೊರೆಸ್ವಾಮಿ. ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷದಿಂದ ಈಚೆಗೆ ಮದುವೆಯಾದವರಲ್ಲಿ ಅರ್ಧ ಜನ ಒಬ್ಬರ ಮುಖವನ್ನೊಬ್ಬರು ಮೊದಲು ಸರಿಯಾಗಿ ನೋಡಿದ್ದು ಅವರ ಬೆಳಕಿನಲ್ಲಿ. ಇದು ಅವರೇ ಹೇಳಿಕೊಳ್ಳುವ ಮಾತು, ನಾನೇನೂ ಸೇರಿಸಿಲ್ಲ.

ಸೇರಿಸಿ ಹೇಳುವ ಚಟ ಇರುವುದು ನನಗೆ. ನನ್ನ ಹೆಸರು ಶಿವಮೂರ್ತಿ, ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೊರೆಸ್ವಾಮಿಯ ಬಗ್ಗೆ ಬರೆಯಬೇಕೆಂದರೆ ನನ್ನ ಬಾಯಿಯ ಬಗ್ಗೆಯೂ ಬರೆಯದೆ ಬೇರೆ ದಾರಿಯಿಲ್ಲ.

ಅವರ ಸ್ವಂತ ಊರು ಭೀಮನಬೀಡು. ಹೆಂಡತಿ ಮರಿತಾಯಮ್ಮ ಅಲ್ಲೇ ಹೊಲದ ಕೆಲಸಕ್ಕೆ ಹೋಗುತ್ತಾರೆ. ಒಬ್ಬಳೇ ಮಗಳು ಭಾನು, ಅವಳನ್ನು ಚಾಮರಾಜನಗರದ ಕಡೆ ಉಮ್ಮತ್ತೂರಿಗೆ ಕೊಟ್ಟಿದ್ದರು. ದಿನಾ ಸೈಕಲ್ಲಿನಲ್ಲಿ ಬಂದು ಹೋಗುವ ಈ ಮನುಷ್ಯನಿಗೆ ಕಸುಬು ಕಲಿಸಿದವರು ಸೋದರಮಾವ ಪುಟ್ಟಮಾದು. ಧಾರೆ ಮುಗಿಯುವವರೆಗೆ ದೀಪ ಮಂಕಾಗದ ಹಾಗೆ ಪಂಪು ಹೊಡೆಯುವುದನ್ನು ಕಲಿಸಿದರು. ಅದರ ಜೊತೆಗೆ ಮ್ಯಾಂಟಲ್ಲಿನ ಬೂದಿಯನ್ನು ನೆಲಕ್ಕೆ ಬೀಳಿಸಬಾರದು ಎಂದೂ ಕಲಿಸಿದರು.

ಮ್ಯಾಂಟಲ್ ಎಂದರೆ ಗ್ಯಾಸ್‌ಲೈಟಿನೊಳಗೆ ಕಟ್ಟುವ ಬೆರಳುದ್ದದ ಬಲೆಚೀಲ. ಕಟ್ಟಿ ಒಮ್ಮೆ ಉರಿ ತಾಗಿಸಿದರೆ ನೂಲೆಲ್ಲ ಸುಟ್ಟುಹೋಗಿ, ಚೀಲದ ಆಕಾರದಲ್ಲಿ ಬಿಳಿ ಬೂದಿ ಮಾತ್ರ ನಿಲ್ಲುತ್ತದೆ. ಆಮೇಲೆ ಬೆಳಗುವುದು ಆ ಬೂದಿಯೇ. ಒಂದು ಹುಳ ಬಡಿದರೂ, ದೀಪ ಹೊತ್ತವನು ಎಡವಿದರೂ ಅದು ಪುಡಿ. ಆಗ ಹಳೆಯದನ್ನು ಬಾಯಿಂದ ಊದಿ ತೆಗೆದು ಹೊಸದನ್ನು ಕಟ್ಟಬೇಕು. ಬೇರೆ ಲೈಟಿನವರು ಆ ಬೂದಿಯನ್ನು ಕೊಡವಿ ಬಿಸಾಡುತ್ತಾರೆ. ಪುಟ್ಟಮಾದುವಿನ ಕಟ್ಟಳೆ ಬೇರೆ. ಹೆಣ್ಣುಗಂಡಿನ ತಲೆಯ ಮೇಲೆ ನಿಂತು ಬೆಳಗಿದ ಬೂದಿಯನ್ನು ಯಾರೂ ತುಳಿಯಕೂಡದು, ತಟ್ಟೆ ಒಡ್ಡಿ ಊದಿ ಡಬ್ಬಿಗೆ ಹಾಕಬೇಕು. ಹೀಗೆ ಮಾವ ಅಳಿಯ ಸೇರಿ ತುಂಬಿಸಿದ ದೊಡ್ಡ ಹಾಲಿನಪುಡಿ ಡಬ್ಬಿ ಭೀಮನಬೀಡಿನ ಮನೆಯಲ್ಲಿ ದೇವರ ಗೂಡಿನಲ್ಲಿತ್ತು. ಮನೆಯವರು ಅದನ್ನು ಬೆಳಕಿನ ಬೂದಿ ಎನ್ನುತ್ತಿದ್ದರು.

ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ ನಮ್ಮ ಶಾಲೆಯಲ್ಲಿ ವಿಜ್ಞಾನ ದಿನದ ಭಾಷಣ ಇಟ್ಟುಕೊಂಡಿದ್ದೆವು. ಸಂಜೆಯ ಹೊತ್ತು, ಕರೆಂಟು ಹೋಗುವುದು ಗ್ಯಾರಂಟಿ ಎಂದು ಹೆಡ್ಮಾಸ್ತರರು ದೊರೆಸ್ವಾಮಿಗೆ ಎರಡು ಲೈಟು ಹೇಳಿದ್ದರು. ಆ ಹೊತ್ತಿಗಾಗಲೇ ಮದುವೆ ಮನೆಗಳಿಗೆ ಜನರೇಟರ್ ಬಂದುಬಿಟ್ಟಿತ್ತು. ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಬಂದ ಮೇಲೆ ಗ್ಯಾಸ್‌ಲೈಟನ್ನು ಕೇಳುವವರು ಕಮ್ಮಿಯಾಗಿ, ಒಳ್ಳೆ ಲಗ್ನವಿದ್ದ ದಿನವೂ ಅವರು ಅಂಗಡಿಯಲ್ಲೇ ಕೂತಿರುತ್ತಿದ್ದರು. ಅಂಥ ದಿನಗಳಲ್ಲಿ ಅವರು ಹಿತ್ತಾಳೆ ಉಜ್ಜುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಭಾಷಣದ ನಡುವೆ ಕರೆಂಟು ಹೋಯಿತು. ದೊರೆಸ್ವಾಮಿ ಲೈಟು ತಂದು ಮೇಜಿನ ಮೇಲಿಟ್ಟರು. ನನಗೆ ಉಮೇದು ಬಂತು. ದೀಪವನ್ನು ತೋರಿಸಿ ಹೇಳಿದೆ: "ಮಕ್ಕಳೇ, ಈ ಬಿಳಿ ಚೀಲದಲ್ಲಿ ಥೋರಿಯಂ ಇದೆ. ಕೇರಳದ ಸಮುದ್ರದ ಮರಳಿನಲ್ಲಿ ಸಿಗುವ ವಸ್ತು. ಇದರಿಂದ ಅಣುವಿದ್ಯುತ್ ತೆಗೆಯಲು ನಮ್ಮ ದೇಶ ತಯಾರಿ ಮಾಡುತ್ತಿದೆ. ಮನಸ್ಸು ಮಾಡಿದರೆ ಇದು ಒಂದು ಹಿಡಿ ಸಾಕು, ಒಂದು ಊರಿಗೆ ವರ್ಷವೆಲ್ಲ ಬೆಳಕು." ಮಕ್ಕಳು ಚಪ್ಪಾಳೆ ತಟ್ಟಿದರು. ಪಂಪು ಹೊಡೆಯುತ್ತಿದ್ದ ದೊರೆಸ್ವಾಮಿ ಕೈ ನಿಲ್ಲಿಸಿ ನನ್ನ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಾರನೆಯ ಬೆಳಿಗ್ಗೆ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನನ್ನ ಮನೆ ಬಾಗಿಲಿಗೆ ಬಂದರು.

"ಮೇಷ್ಟ್ರೆ, ಇದು ಎಷ್ಟ್ ಊರ್ಗೆ ಆಯ್ತದೆ ಒಸಿ ನೋಡೇಳಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅವರ ಮುಖ ನೋಡಿ, ಕೂರಿಸಿ, ತಿಳಿಸಿ ಹೇಳಲು ಹೋದೆ. ಥೋರಿಯಂ ತನಗೆ ತಾನೇ ಹೊತ್ತಿಕೊಳ್ಳುವುದಿಲ್ಲ, ಬೇರೊಂದು ಅಣುಕುಲುಮೆಯಲ್ಲಿಟ್ಟು ಅದನ್ನು ಯುರೇನಿಯಂ ಮಾಡಿಕೊಳ್ಳಬೇಕು ಎಂದೆ. ಅದು ಅವರ ತಲೆಗೆ ಹತ್ತಲಿಲ್ಲ ಎಂದು ಕಂಡಿತು. ಪಾಠದಲ್ಲಿ ಮಾಡುವ ಹಾಗೆ ಒಂದು ಹೋಲಿಕೆ ಕೊಟ್ಟೆ. "ಹಸಿ ಸೌದೆ ಇದ್ದ ಹಾಗೆ ಅಂದ್ಕೊಳ್ಳಿ ದೊರೆಸ್ವಾಮಿ. ಬೇರೆ ಬೆಂಕಿಯ ಹತ್ತಿರ ಇಟ್ಟು ಒಣಗಿಸದ ಹೊರತು ಉರಿಯೋದಿಲ್ಲ."

"ಸೌದೆ ಅಂದ್ಮೇಲೆ ಒಣಗ್ಸುದ್ರೆ ಆಯ್ತು ಬುಡಿ," ಅಂದರು.

ಆಗಲೇ ಹೇಳಬೇಕಿತ್ತು. ಆ ಬೇರೆ ಬೆಂಕಿ ಯಾವುದು, ಅದಕ್ಕೆ ಮಾರುದ್ದ ದಪ್ಪದ ಗೋಡೆ ಏಕೆ ಕಟ್ಟುತ್ತಾರೆ, ಕಾವು ಒಂದು ಗಳಿಗೆ ಕೈಮೀರಿದರೆ ಏನಾಗುತ್ತದೆ, ಅಂಥದ್ದನ್ನು ಮನೆಯಲ್ಲಿ ಹೊತ್ತಿಸುವಂತಿದ್ದರೆ ಬಲ್ಬು ಬೆಳಗುವ ಮೊದಲೇ ಮನೆಯವರ ಪ್ರಾಣ ಹೋಗಿರುತ್ತಿತ್ತು ಎಂದು ಬಿಡಿಸಿ ಹೇಳಬೇಕಿತ್ತು. "ಮನೆಯಲ್ಲಿ ಆಗೋ ಕೆಲಸ ಅಲ್ಲ ಇದು," ಎಂದೆನಷ್ಟೇ, ಅದನ್ನೂ ನಗುತ್ತಾ. ನಗುತ್ತಾ ಬೇಡ ಎಂದರೆ ನಮ್ಮ ಕಡೆ ಯಾರೂ ಅದನ್ನು ಬೇಡ ಎಂದು ಎಣಿಸುವುದಿಲ್ಲ.

ಒಂಬತ್ತು ತಿಂಗಳು ದೊರೆಸ್ವಾಮಿ ಮನೆಯ ಹಿತ್ತಿಲಿನಲ್ಲಿ ಆ ಬೂದಿಯ ಜೊತೆ ಗುದ್ದಾಡಿದರು. ಮಲ್ಲು ಪಂಚೆಯಲ್ಲಿ ಜರಡಿ ಹಿಡಿದು ನುಣುಪನ್ನು ಬೇರೆ ಮಾಡಿದರು. ಬಿಸಿಲಿಗಿಟ್ಟರು. ಓಡಿನ ಮೇಲೆ ಹುರಿದರು. ಮಧ್ಯೆ ಎರಡು ಸಲ ನಾನೂ ಹೋಗಿ ನೋಡಿದೆ. ಮರಿತಾಯಮ್ಮ ಕಾಫಿ ಕೊಟ್ಟರು. ದೇವರ ಗೂಡಿನಲ್ಲಿದ್ದ ಡಬ್ಬಿಯನ್ನೂ ಕಂಡೆ. ದೇವರ ಗೂಡಿನಲ್ಲಿಟ್ಟ ಬಿಳಿ ಬೂದಿಯನ್ನು ಒಂದು ಸಂಸಾರ ಏನು ಮಾಡುತ್ತದೆ ಎಂದು ತಿಳಿಯಲು ಬಿ.ಎಸ್ಸಿ. ಓದಬೇಕಿಲ್ಲ. ನಾನು ಓದಿದ್ದರಿಂದಲೋ ಏನೋ, ಹೊಳೆಯಲಿಲ್ಲ.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಶಾಲೆಯ ಹತ್ತಿರವೇ ಬಂದು ನನ್ನನ್ನು ಕರೆದುಕೊಂಡು ಹೋದರು. ಹಿತ್ತಿಲಿನಲ್ಲಿ ಹನ್ನೆರಡು ಮಣ್ಣಿನ ಕುಡಿಕೆ ಸಾಲಾಗಿದ್ದವು. ಒಂದೊಂದರಲ್ಲೂ ಬೂದಿ ಕದಡಿದ ನೀರು, ಒಂದು ಕಡೆ ತಾಮ್ರದ ತಗಡು, ಇನ್ನೊಂದು ಕಡೆ ಸತುವಿನ ತಗಡು, ನಡುವೆ ವೈರು. ತುದಿಯಲ್ಲಿ ಒಂದು ಟಾರ್ಚಿನ ಬಲ್ಬು. ಅದಕ್ಕೆ ಕೈ ಅಡ್ಡ ಹಿಡಿದು ನೆರಳು ಮಾಡಿದರೆ ಒಳಗಿನ ತಂತಿ ಕೆಂಪಗೆ ಕಾಣುತ್ತಿತ್ತು.

"ಕಂಡದಾ ಮೇಷ್ಟ್ರೆ?" ಎಂದು ಕೇಳಿದ ಆ ದನಿಯನ್ನು ಮರೆಯಲಾರೆ. ಅದರಲ್ಲಿ ಜಂಬ ಇರಲಿಲ್ಲ, ಹೆರಿಗೆ ಕೋಣೆಯ ಹೊರಗೆ ನಿಂತವರು ಕೇಳುವಂತಿತ್ತು.

"ನೀರಿಗೆ ಇನ್ನೇನಾದರೂ ಹಾಕಿದ್ದೀರಾ?"

"ಬೂದಿ ಕರಗ್ನಿಲ್ಲ. ಅದ್ಕೇ ಒಂದೊಂದ್ ಹಿಡಿ ಉಪ್ಪಾಕ್ದಿ."

ತಾಮ್ರ, ಸತುವು, ಉಪ್ಪುನೀರು. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ಮಾಡಿ ತೋರಿಸುವ ವಿದ್ಯುತ್ ಕೋಶ. ಆದರೂ ಆ ಮುಖಕ್ಕೆ ಎದುರಾಗಿ ಹೇಳಲು ನನಗೆ ಬಾಯಿ ಬರಲಿಲ್ಲ. "ಬೂದಿ ಹಾಕದೆ, ಬರೀ ಉಪ್ಪಿನಲ್ಲಿ ಒಂದು ಸಲ ಮಾಡಿ ನೋಡಿ," ಎಂದು ಹೇಳಿ ಬಂದುಬಿಟ್ಟೆ. ಬೇರೆಯವರಾಗಿದ್ದರೆ ಮಾಡುತ್ತಿರಲಿಲ್ಲ. ದೊರೆಸ್ವಾಮಿ ಮಾಡಿದರು. ವಾರ ಬಿಟ್ಟು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಟವೆಲಿನಲ್ಲಿ ಮುಖ ಒರೆಸಿಕೊಂಡು, "ಉಪ್ಪೇ ಕಣ್ ಮೇಷ್ಟ್ರೆ," ಎಂದರು. ಆಮೇಲೆ, "ಅಂಗಾದ್ರೆ ಬೂದಿ ಏನ್ ಮಾಡ್ತದೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಒಂದು ಊರಿಗೆ ವರ್ಷವೆಲ್ಲ ಬೆಳಕು ಎಂದು ಮೈಕು ಹಿಡಿದು ಹೇಳಿದವನಿಗೆ, ಆ ಬೂದಿ ಡಬ್ಬಿಯಲ್ಲಿ ಕೂತು ಏನು ಮಾಡುತ್ತಿರುತ್ತದೆ ಎಂದು ಗೊತ್ತಿರಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ನನ್ನ ಸಹಪಾಠಿ ಗುರುಪಾದಸ್ವಾಮಿಗೆ ಕಾಗದ ಬರೆದೆ. ಉತ್ತರ ಬಂದದ್ದು ಜನವರಿಯಲ್ಲಿ. ಅದರಿಂದ ಯಾರ ಮನೆಯಲ್ಲೂ ಕರೆಂಟು ಹುಟ್ಟುವುದಿಲ್ಲ, ಹತ್ತು ಡಬ್ಬಿ ಸೇರಿಸಿದರೂ ಒಂದು ಬಲ್ಬು ಉರಿಯದು ಎಂದು ಮೊದಲು ಬರೆದಿದ್ದ. ಕೆಳಗೆ ಗೆರೆ ಎಳೆದು ಮುಂದುವರಿಸಿದ್ದ. ಆದರೆ ಅದು ಸುಮ್ಮನೆ ಕೂತಿರುವ ಬೂದಿ ಅಲ್ಲ, ಸದಾ ಕಿರಣ ಬಿಡುತ್ತಿರುತ್ತದೆ. ಮುಚ್ಚಿದ ಡಬ್ಬಿಯಲ್ಲಿದ್ದರೆ ಹೊರಗಿನವರಿಗೆ ಹೆಚ್ಚು ಭಯವಿಲ್ಲ. ಚರ್ಮದ ಮೇಲೆ ಬಿದ್ದರೆ ತೊಳೆದುಕೊಳ್ಳಬಹುದು. ದೂಳನ್ನು ಉಸಿರಿನಲ್ಲಿ ಎಳೆದುಕೊಂಡರೆ ಅದು ಒಳಗೇ ಉಳಿದು ವರ್ಷಾನುಗಟ್ಟಲೆ ಕೆಲಸ ಮಾಡುತ್ತದೆ. ಜರಡಿ ಹಿಡಿಯುವುದನ್ನು ಇವತ್ತೇ ನಿಲ್ಲಿಸಲಿ. ಅಡಿಗೆ ಮನೆಯಿಂದ, ಮಕ್ಕಳಿಂದ ದೂರ ಇಡಲಿ.

ಅಂದು ಶಾಲೆ ಬಿಟ್ಟ ತಕ್ಷಣ ಭೀಮನಬೀಡಿಗೆ ಹೋದೆ.

ಭಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೆಣ್ಣು ಮಗು ಹೆತ್ತು ಹದಿನೆಂಟು ದಿನವಾಗಿತ್ತು. ಆಗತಾನೇ ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಮರಿತಾಯಮ್ಮ ಕಾಲು ನೀಡಿಕೊಂಡು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಬಾಯಿ ತೆರೆದ ಡಬ್ಬಿ. ಅದರಿಂದ ಚಿಟಿಕೆ ಚಿಟಿಕೆಯಾಗಿ ತೆಗೆದು ಮಗುವಿನ ಹಣೆಗೆ ಗೆರೆ ಎಳೆದಿದ್ದರು. ಕುತ್ತಿಗೆಯ ಮಡಿಕೆಗೆ, ಕಂಕುಳಿಗೆ ಪೌಡರಿನ ಹಾಗೆ ಸವರುತ್ತಿದ್ದರು. ಗಂಡು ಹೆಣ್ಣು ಎನ್ನದೆ ಆ ಕೇರಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಇಪ್ಪತ್ತು ವರ್ಷದಿಂದ ಸವರಿದ ಕೈ ಅದು. ಜರಡಿ ಹಿಡಿದ ಮೇಲೆ ಬೂದಿ ಇನ್ನೂ ನುಣುಪಾಗಿದೆ ಎಂದು ಅವರಿಗೆ ಸಂತೋಷವೂ ಆಗಿತ್ತು.

ನಾನು ಕೂಗಿಬಿಟ್ಟೆ. ಏನು ಕೂಗಿದೆನೋ ನೆನಪಿಲ್ಲ. ಮಗು ಬೆಚ್ಚಿ ಅಳಲು ಶುರುಮಾಡಿತು. ದೊರೆಸ್ವಾಮಿ ಹಿತ್ತಿಲಿನಿಂದ ಓಡಿ ಬಂದರು. ಅವರೆದುರು ಕಾಗದವನ್ನು ಓದಿದೆ, ಕೊನೆಯ ಸಾಲಿನವರೆಗೂ.

ಮೊದಲು ಮಾತಾಡಿದವಳು ಭಾನು. ಮಂಚದ ಮೇಲಿಂದ ಎದ್ದು ಬಂದು ಮಗುವನ್ನು ಎತ್ತಿಕೊಂಡಳು. "ಊರ್ಗೆಲ್ಲ ಬೆಳ್ಕಾಯ್ತದೆ ಅಂದೋರೂ ನೀವೇ, ಈಗ ಇಸ ಅನ್ನೋರೂ ನೀವೇ. ಯಾವ್ದ ನಂಬನ ಮೇಷ್ಟ್ರೆ?"

ನಾಚಿಕೆಯಾಯಿತು ಎಂದರೆ ಸಣ್ಣ ಮಾತು.

"ಸುಮ್ಕಿರಮ್ಮಿ, ನೀರ್ ಕಾಯ್ಸು," ಎಂದರು ಮರಿತಾಯಮ್ಮ. ಮಗುವನ್ನು ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಮತ್ತೆ ನೀರು ಹಾಕಿದರು. "ಕೂಸ್ಗೆ ಒಳ್ಳೇದಾಗ್ಲಿ ಅಂತ್ಲೇ ಆಕ್ದಿ," ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ದೊರೆಸ್ವಾಮಿ ಡಬ್ಬಿಗೆ ಮುಚ್ಚಳ ಬಡಿದು, ಮೇಲೆ ಮೇಣ ಸುರಿದು, ಹಿತ್ತಿಲಿನ ಕಲ್ಲಿನ ಸಂದಿಗೆ ತಳ್ಳಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು, ತೊಟ್ಟ ಅಂಗಿಯನ್ನು ನೋಡಿಕೊಂಡರು. ಸೈಕಲ್ ಹತ್ತಿ ಗುಂಡ್ಲುಪೇಟೆಗೆ ಹೋದವರು ಆ ದಿನ ಮನೆಗೆ ಬರಲಿಲ್ಲ.

ಅವತ್ತು ಮಾತ್ರವಲ್ಲ, ಇಪ್ಪತ್ತು ದಿನ ಬರಲಿಲ್ಲ. ಅಂಗಡಿಯಲ್ಲೇ ಮಲಗುತ್ತಿದ್ದರು. ನಾನು ದಿನಾ ಹೋಗಿ ಕರೆಯುವುದು, ಅವರು ಹಿತ್ತಾಳೆ ಉಜ್ಜುವುದು. ಅಂಗೈಯನ್ನು ಒರಟು ಕಲ್ಲಿನಿಂದ ತಿಕ್ಕಿ ತಿಕ್ಕಿ ಸಿಪ್ಪೆ ಎಬ್ಬಿಸಿಕೊಂಡಿದ್ದರು.

"ಮೂವತ್ ವರ್ಸದಿಂದ ಮುಟ್ಟಿರೋ ಕೈ ಇದು," ಎಂದರು. "ಈ ಕೈಲಿ ಆ ಕೂಸ ಎಂಗ್ ಎತ್ಕಳ್ಳನ? ಉಟ್ಟಿದ್ ದಿನ್ದಿಂದ ದಿನಾ ಎತ್ಕತಿದ್ದಿ. ಬೆಳ್ಕ ಮಾಡ್ತಿನಿ ಅಂತ ಓಗಿ ಏನ್ ಮಾಡ್ಬುಟ್ಟೆ ನಾನು."

"ನೀವಲ್ಲ ದೊರೆಸ್ವಾಮಿ, ಮಾಡಿದ್ದು ನಾನು."

"ಮಾತು ನಿಮ್ದು. ಜಲ್ಡೆ ನಂದು," ಎಂದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತೇ ಮೈಸೂರಿನ ಬಸ್ಸು ಹತ್ತಿದೆ. ಗುರುಪಾದಸ್ವಾಮಿಯ ಕಾಲೇಜಿನಲ್ಲಿ ಕಿರಣ ಎಣಿಸುವ ಒಂದು ಯಂತ್ರವಿತ್ತು. ಟಿಫನ್ ಕ್ಯಾರಿಯರಿನಷ್ಟು ದೊಡ್ಡ ಪೆಟ್ಟಿಗೆ, ವೈರಿನ ತುದಿಗೆ ಒಂದು ಕೊಳವೆ. ಕಿರಣ ತಾಗಿದಾಗೆಲ್ಲ ಟಿಕ್ ಎನ್ನುತ್ತದೆ. ಭಾನುವಾರ ಅವನನ್ನೂ ಅದನ್ನೂ ಕರೆತಂದು, ದೊರೆಸ್ವಾಮಿಯನ್ನು ಕೈ ಹಿಡಿದು ಎಳೆದುಕೊಂಡೇ ಭೀಮನಬೀಡಿಗೆ ಹೋದೆವು. ಅವರು ಹೊಸ್ತಿಲು ದಾಟಲಿಲ್ಲ, ಜಗುಲಿಯ ಕೆಳಗೇ ನಿಂತರು.

ಮೊದಲು ಗುರುಪಾದಸ್ವಾಮಿ ಕೊಳವೆಯನ್ನು ಡಬ್ಬಿಯ ಹತ್ತಿರ ಹಿಡಿದ. ಮುಚ್ಚಳ ಬಿಗಿದಿದ್ದರೂ ಯಂತ್ರ ಬಾಣಲೆಗೆ ಸಾಸಿವೆ ಹಾಕಿದಂತೆ ಚಟಪಟ ಎಂದಿತು. ಮರಿತಾಯಮ್ಮ ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡರು. ಆಮೇಲೆ ದೂರ ಬಂದು, ಅಂಗಳದಲ್ಲಿ ಗಾಳಿಗೆ ಹಿಡಿದ. ಟಿಕ್. ತಡೆದು ಇನ್ನೊಂದು ಟಿಕ್.

"ಏನೂ ಇಲ್ದಿದ್ರೂ ಟಿಕ್ ಅಂತದಲ್ಲ," ಎಂದರು ದೊರೆಸ್ವಾಮಿ.

"ಇದು ಎಲ್ಲಿ ಹಿಡಿದರೂ ಇರುತ್ತೆ," ಎಂದ ಗುರುಪಾದಸ್ವಾಮಿ. "ಆಕಾಶದಿಂದ ಬರುತ್ತೆ, ನಿಮ್ಮ ಊರಿನ ಬಂಡೆಯಿಂದ ಬರುತ್ತೆ. ನಿಮ್ಮ ಅಜ್ಜ ಮುತ್ತಜ್ಜನೂ ಇದರೊಳಗೇ ಬದುಕಿದ್ದು. ಇದಕ್ಕಿಂತ ಜಾಸ್ತಿ ಬಂದರೆ ಮಾತ್ರ ಬೂದಿ ಇದೆ ಅಂತ."

"ಅಂಗಾದ್ರೆ ಎಣಿಸ್ಬೇಕು," ಎಂದರು. ಬಾಯಿಮಾತನ್ನು ಅವರು ಇನ್ನು ನಂಬುವ ಹಾಗಿರಲಿಲ್ಲ. ನನ್ನ ವಾಚು ಬಿಚ್ಚಿಸಿಕೊಂಡು, ಒಂದು ನಿಮಿಷ ಅಂಗಳದ ಟಿಕ್ಕುಗಳನ್ನು ತಾವೇ ಎಣಿಸಿದರು. ಇಪ್ಪತ್ತೊಂದು. ಇದ್ದಿಲು ತೆಗೆದುಕೊಂಡು ಜಗುಲಿಯ ಗೋಡೆಯ ಮೇಲೆ ಇಪ್ಪತ್ತೊಂದು ಎಂದು ಬರೆದರು.

ಭಾನು ಮಗುವನ್ನು ಜಗುಲಿಗೆ ತಂದಳು. ಗುರುಪಾದಸ್ವಾಮಿ ಕೊಳವೆಯನ್ನು ಹಣೆಯ ಮೇಲೆ, ಕುತ್ತಿಗೆಯ ಮೇಲೆ, ಎದೆಯ ಮೇಲೆ, ಮುಟ್ಟದ ಹಾಗೆ ನಿಧಾನವಾಗಿ ಆಡಿಸಿದ. ಮಗು ಕೊಳವೆಯನ್ನೇ ನೋಡುತ್ತಾ ಬಾಯಿ ಚಪ್ಪರಿಸುತ್ತಿತ್ತು. ಒಂದೊಂದು ಟಿಕ್ಕಿಗೂ ದೊರೆಸ್ವಾಮಿಯ ಭುಜ ಕುಣಿಯುವುದು ನನಗೆ ಕಾಣುತ್ತಿತ್ತು. ಮುಳ್ಳು ಒಂದು ಸುತ್ತು ಬಂತು.

"ಹತ್ತೊಂಬತ್ತು," ಎಂದರು. "ಇನ್ನೊಂದ್ಸಲ ಇಡಿ ಸಾ."

ಇನ್ನೊಂದು ಸಲ ಇಟ್ಟ. ಇಪ್ಪತ್ತು. ಮೂರನೆಯ ಸಲ ಮತ್ತೆ ಹತ್ತೊಂಬತ್ತು. ಮೂರನ್ನೂ ಗೋಡೆಯ ಮೇಲೆ ಬರೆದು, ಇದ್ದಿಲು ಕೆಳಗಿಟ್ಟು, "ಅಂಗ್ಳಕ್ಕಿಂತ ನನ್ ಮೊಮ್ಮಗ್ಳೇ ಕಮ್ಮಿ ಕಣಮ್ಮಿ," ಎಂದು ಮಗಳಿಗೆ ಹೇಳಿದರು. ಮರಿತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು.

ದೊರೆಸ್ವಾಮಿಯ ಕೈಗಳಿಗೂ ಹಿಡಿದೆವು. ಇಪ್ಪತ್ತೆರಡು. "ಅಂಗಳದಷ್ಟೇ, ಎತ್ತಿಕೊಳ್ಳಿ," ಎಂದ ಗುರುಪಾದಸ್ವಾಮಿ. ಅವರು ಎತ್ತಿಕೊಳ್ಳಲಿಲ್ಲ. ಕೊಳವೆಯನ್ನು ತಾವೇ ಹಿಡಿದು, ಅಂಗಿಯ ಗುಂಡಿ ಬಿಚ್ಚಿ, ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಹೆಂಗಸರು ಮಗುವಿನ ಸಡಗರದಲ್ಲಿ ಒಳಗೆ ಹೋಗಿದ್ದರು. ಇಪ್ಪತ್ತೆರಡು, ಅಷ್ಟೇ.

"ಇದು ಮೈ ಮ್ಯಾಲಿರೋದ್ನ ತೋರುಸ್ತದೆ," ಎಂದರು ಮೆಲ್ಲಗೆ. "ಒಳ್ಗಡೆ ಒಸಿ ಇದ್ರೆ ಇದ್ಕೆ ಕೇಳ್ಸದಾ?"

ಗುರುಪಾದಸ್ವಾಮಿ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಇಲ್ಲ," ಎಂದ ಅವನು. "ಅಷ್ಟು ಸಣ್ಣದು ಇದಕ್ಕೆ ಕೇಳಿಸೋದಿಲ್ಲ."

ದೊರೆಸ್ವಾಮಿ ತಲೆಯಾಡಿಸಿದರು. ಮೂವತ್ತು ವರ್ಷ ಬಾಯಿಂದ ಊದಿದ ಬೂದಿ, ಒಂಬತ್ತು ತಿಂಗಳು ಮುಖದ ಕೆಳಗೇ ಹಿಡಿದ ಜರಡಿ, ಎಲ್ಲವನ್ನೂ ಬೆರಳು ಮಡಿಸಿ ಲೆಕ್ಕ ಹಾಕಿದರು. "ಕೂಸ್ಗೆ ಊದ್ಲಿಲ್ಲ, ಸವರಿದ್ದು. ಅದ್ಕೇನೂ ಆಗಾಕಿಲ್ಲ ಅಲ್ವಾ?" ಎಂದು ಕೇಳಿದರು.

"ಹದಿನೆಂಟು ದಿನ, ಚಿಟಿಕೆ ಚಿಟಿಕೆ. ತೊಳೆದಾಗಿದೆ. ನಾನು ಹೆದರೋದಿಲ್ಲ," ಎಂದ.

"ಅಷ್ಟ್ ಸಾಕು ಬುಡಿ. ನನ್ ಇಸ್ಯ ಮನೆಯೋರ್ ತಾವ್ ಆಡ್ಬೇಡಿ," ಎಂದು ಗುಂಡಿ ಹಾಕಿಕೊಂಡು, ಹೊಸ್ತಿಲು ದಾಟಿ, ಮೊಮ್ಮಗಳನ್ನು ಎತ್ತಿಕೊಂಡರು.

ಡಬ್ಬಿಯನ್ನು ಗುರುಪಾದಸ್ವಾಮಿ ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒಪ್ಪಿಸಬೇಕಾದವರಿಗೆ ಒಪ್ಪಿಸುತ್ತೇನೆಂದು ತೆಗೆದುಕೊಂಡು ಹೋದ. ಪುಟ್ಟಮಾದುವಿನ ಕಟ್ಟಳೆ ಹಾಗೇ ಉಳಿಯಿತು. ಅದನ್ನು ಯಾರೂ ತುಳಿಯಲಿಲ್ಲ.

ಇದಾಗಿ ನಾಲ್ಕು ವರ್ಷವಾಯಿತು. ಚಾಮರಾಜನಗರ ಈಗ ಜಿಲ್ಲೆಯಾಗಿದೆ, ಕರೆಂಟು ಮೊದಲಿನಂತೆಯೇ ಹೋಗುತ್ತದೆ. ಅವರ ಮೊಮ್ಮಗಳು ಮೀನಾಳಿಗೆ ನಾಲ್ಕು ತುಂಬಿ ಐದು. ರಜೆಗೆ ಉಮ್ಮತ್ತೂರಿನಿಂದ ಬಂದರೆ ತಾತನ ಸೈಕಲ್ಲಿನ ಮುಂದೆ ಕೂತು ಅಂಗಡಿಗೆ ಬರುತ್ತಾಳೆ. ಅಪರೂಪಕ್ಕೊಮ್ಮೆ ಮ್ಯಾಂಟಲ್ ಬದಲಿಸುವ ಕೆಲಸ ಬಂದರೆ ದೊರೆಸ್ವಾಮಿ ಅವಳನ್ನು ರಸ್ತೆ ದಾಟಿಸಿ ನನ್ನ ಮನೆಗೆ ಬಿಡುತ್ತಾರೆ. ಈಗ ಊದುವುದಿಲ್ಲ. ಮೂಗಿಗೆ ಟವೆಲು ಕಟ್ಟಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ಮುಖ ತೊಳೆದು, ಅಂಗಿ ಬದಲಿಸಿ ಬಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ಅವಳು ನಮ್ಮ ಜಗುಲಿಯಲ್ಲಿ ಕೂತು ತಾತನ ದಾರಿ ನೋಡುತ್ತಾಳೆ.

ಈ ವರ್ಷ ಚಳಿಗಾಲದಿಂದ ಅವರಿಗೆ ಕೆಮ್ಮು. ಡಾಕ್ಟರು ಎದೆಯ ಫೋಟೋ ತೆಗೆಸಿ, ಇಷ್ಟು ವರ್ಷ ಸೀಮೆಎಣ್ಣೆ ಹೊಗೆಯಲ್ಲಿದ್ದರೆ ಇನ್ನೇನು ಎಂದು ಸಿರಪ್ಪು ಬರೆದುಕೊಟ್ಟಿದ್ದಾರೆ. ಅವರು ಹೇಳಿದ್ದೇ ನಿಜವಿರಬಹುದು. ಮೊನ್ನೆ ಮರಿತಾಯಮ್ಮ ಸಂತೆಯಲ್ಲಿ ಸಿಕ್ಕಿ, "ಯಾತುಕ್ ಮೇಷ್ಟ್ರೆ ಇವ್ರ್ಗೆ ಕೆಮ್ಮು ಬುಡ್ತಾ ಇಲ್ಲ?" ಎಂದು ಕೇಳಿದರು.

"ಸೀಮೆಎಣ್ಣೆ ಕಣಮ್ಮ," ಎಂದೆ. ಅವರ ಹಿಂದೆ ಚೀಲ ಹಿಡಿದು ನಿಂತಿದ್ದ ದೊರೆಸ್ವಾಮಿ ನನ್ನ ಮುಖ ನೋಡಿ, ಒಮ್ಮೆ ತಲೆಯಾಡಿಸಿದರು.